ಮಕ್ಕಳ ಕೈಗೆ ಯಾವ ಪುರಾಣ ಪುಸ್ತಕ ಕೊಡಬೇಕು?

ಪ್ರಶ್ನೆ: ವಿದ್ಯಾನಗರದ ತಾಯಿ, ಹುಬ್ಬಳ್ಳಿ

ನನಗೆ ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ ಇದ್ದಾರೆ. ಇಬ್ಬರಿಗೂ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳನ್ನು ಓದಿ ಹೇಳಬೇಕೆಂದು ಇತ್ತೀಚೆಗೆ ಒಂದು ಪುಸ್ತಕ ಪ್ರದರ್ಶನದಲ್ಲಿ ಕೆಲವು ಪುಸ್ತಕಗಳನ್ನು ಕೊಂಡು ತಂದೆ. ಓದತೊಡಗಿದ ಮೇಲೆ ಕೆಲವು ಸಂದೇಹಗಳು ಹುಟ್ಟಿವೆ. ಬಲ್ಲವರು ತಿಳಿಸಿಕೊಡಬೇಕು.

ಒಂದು ಪುಸ್ತಕದಲ್ಲಿ ಏಕಲವ್ಯನ ಕಥೆ ಒಂದೇ ಪುಟದಲ್ಲಿ ಮುಗಿದು, ಕೆಳಗೆ ಬಣ್ಣದ ಚೌಕಟ್ಟಿನಲ್ಲಿ ‘ಗುರುವಿನ ಮಾತನ್ನು ಎಂದೂ ಮೀರಬಾರದು’ ಎಂಬ ನೀತಿಯನ್ನು ಅಚ್ಚು ಹಾಕಿದ್ದಾರೆ. ಮಗಳು ಅದನ್ನು ಓದಿ, “ಮಮ್ಮೀ, ಅಂವಾ ಏನ್ ತಪ್ಪು ಮಾಡಿದ್ದ?” ಎಂದು ಕೇಳಿದಳು. ಆ ಪುಸ್ತಕದಲ್ಲಿ ಅದಕ್ಕೆ ಉತ್ತರವಿಲ್ಲ. ಇನ್ನೊಂದು ಪುಸ್ತಕದಲ್ಲಿ ನರಸಿಂಹನು ಹಿರಣ್ಯಕಶಿಪುವಿನ ಹೊಟ್ಟೆ ಸೀಳುವ ಚಿತ್ರವು ಇಡೀ ಎರಡು ಪುಟಗಳನ್ನು ತುಂಬಿಕೊಂಡಿದೆ. ಮಗ ಆ ಪುಟ ಬಂದ ಕೂಡಲೇ ಪುಸ್ತಕವನ್ನು ಮುಚ್ಚಿಬಿಡುತ್ತಾನೆ.

ಮೂರನೆಯ ತೊಡಕು ಮನೆಯೊಳಗಿನದು. ನಮ್ಮ ಅತ್ತೆಯವರು ಹೇಳುವ ಕಥೆಯಲ್ಲಿ ಶಬರಿಯು ಪ್ರತಿಯೊಂದು ಹಣ್ಣನ್ನೂ ಕಚ್ಚಿ ನೋಡಿ, ಸಿಹಿಯಾದುದನ್ನಷ್ಟೇ ರಾಮನಿಗೆ ಕೊಡುತ್ತಾಳೆ. ವಾಲ್ಮೀಕಿಯನ್ನು ಅನುಸರಿಸಿದ ಒಂದು ಪುಸ್ತಕದಲ್ಲಿ ಅದು ಇಲ್ಲವೇ ಇಲ್ಲ. ಅಜ್ಜಿ ಹೇಳಿದ್ದು ನಿಜವೋ ಪುಸ್ತಕದ್ದು ನಿಜವೋ ಎಂದು ಮಗಳು ಪಟ್ಟು ಹಿಡಿದಿದ್ದಾಳೆ. ಅವಳು ಓದುವುದು ಇಂಗ್ಲಿಷ್ ಮಾಧ್ಯಮದಲ್ಲಿ. ಕನ್ನಡದ ಒತ್ತಕ್ಷರ ಬಂದಲ್ಲೆಲ್ಲ ತಡವರಿಸುತ್ತಾಳೆ. ಹೀಗಿರುವಾಗ ಯಾವ ಪುಸ್ತಕದಿಂದ ಆರಂಭಿಸಬೇಕು, ಘೋರವಾದ ಭಾಗಗಳನ್ನು ಬಿಟ್ಟು ಓದಬೇಕೇ, ಮತ್ತು ಅಂಗಡಿಯಲ್ಲಿ ನಿಂತು ಪುಸ್ತಕದ ಗುಣವನ್ನು ಅಳೆಯುವುದು ಹೇಗೆ?

ಉತ್ತರ: ನಿವೃತ್ತ ಕನ್ನಡ ಮಾಸ್ತರ, ಗದಗ

ತಂಗೀ, ನಿಮ್ಮ ಮಗಳ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಪುಸ್ತಕವನ್ನು ಅಳೆಯುವ ಕೋಲು ಅದರಲ್ಲಿಯೇ ಇದೆ. ವ್ಯಾಸಭಾರತದ ಆದಿಪರ್ವದಲ್ಲಿ ಏಕಲವ್ಯನ ಕಥೆಗೆ ಒಂದು ಕಾರಣಸರಣಿ ಇದೆ. ಬೇಡರ ಹುಡುಗನೆಂಬ ಕಾರಣಕ್ಕೆ ದ್ರೋಣನು ಅವನನ್ನು ಶಿಷ್ಯನಾಗಿ ಸ್ವೀಕರಿಸುವುದಿಲ್ಲ. ಹುಡುಗ ಕಾಡಿಗೆ ಹೋಗಿ, ಮಣ್ಣಿನ ದ್ರೋಣನನ್ನು ಮಾಡಿಕೊಂಡು, ತಾನೇ ಕಲಿಯುತ್ತಾನೆ. ಪಾಂಡವರ ಬೇಟೆನಾಯಿ ಅವನನ್ನು ಕಂಡು ಬೊಗಳಿದಾಗ ಅದರ ಬಾಯೊಳಗೆ ಏಳು ಬಾಣಗಳನ್ನು ನೆಡುತ್ತಾನೆ. ಅದನ್ನು ಕಂಡ ಅರ್ಜುನನು ದ್ರೋಣನ ಬಳಿಗೆ ಹೋಗಿ, ‘ನಿನಗಿಂತ ಮಿಗಿಲಾದ ಶಿಷ್ಯ ನನಗಿರುವುದಿಲ್ಲ ಎಂದಿದ್ದಿರಲ್ಲ’ ಎಂದು ನೆನಪಿಸುತ್ತಾನೆ. ದ್ರೋಣನು ಹೆಬ್ಬೆರಳನ್ನು ಕೇಳುವುದು ಇದಾದ ಮೇಲೆ. ಅರ್ಜುನನ ಆ ದೂರನ್ನೂ ದ್ರೋಣನು ಕೊಟ್ಟಿದ್ದ ಮಾತನ್ನೂ ತೆಗೆದುಹಾಕಿದರೆ ಉಳಿಯುವುದು ಬರೀ ಗುರುಭಕ್ತಿ. ಅವೆರಡನ್ನೂ ಉಳಿಸಿಕೊಂಡರೆ ಒಂಬತ್ತು ವರ್ಷದ ಮಗುವಿಗೂ ತಪ್ಪು ಯಾರದೆಂದು ಯೋಚಿಸಲು ಅವಕಾಶ ಸಿಗುತ್ತದೆ. ಆದ್ದರಿಂದ ಅಂಗಡಿಯಲ್ಲಿ ಯಾವುದೇ ಮಕ್ಕಳ ಮಹಾಭಾರತವನ್ನು ಕೈಗೆತ್ತಿಕೊಂಡರೂ ಮೊದಲು ಏಕಲವ್ಯನ ಪುಟವನ್ನು ತೆರೆಯಿರಿ. ಅರ್ಜುನ ಅಲ್ಲಿ ಬಾಯಿ ತೆರೆಯದಿದ್ದರೆ ಆ ಪುಸ್ತಕವನ್ನು ಅಲ್ಲಿಯೇ ಇಟ್ಟು ಬರಬಹುದು. ಪ್ರತಿ ಕಥೆಯ ಕೊನೆಗೂ ನೀತಿಯ ಚೌಕಟ್ಟು ಕಟ್ಟಿರುವ ಪುಸ್ತಕಗಳ ಬಗ್ಗೆ ನನಗೆ ಮೊದಲಿನಿಂದಲೂ ಅಸಮಾಧಾನವಿದೆ. ಕಥೆ ಹೇಳುವವನಿಗೆ ತನ್ನ ಕಥೆಯ ಮೇಲೆ ನಂಬಿಕೆ ಇಲ್ಲದಾಗ ಆ ಚೌಕಟ್ಟು ಹುಟ್ಟುತ್ತದೆ.

ಎರಡನೆಯದಾಗಿ, ಪುಸ್ತಕದ ಮೊದಲ ಪುಟಗಳಲ್ಲಿ ‘ಈ ಕಥೆಯನ್ನು ಇಂಥ ಕೃತಿಯಿಂದ ತೆಗೆದುಕೊಂಡಿದೆ’ ಎಂಬ ಒಂದು ಸಾಲಾದರೂ ಇದೆಯೇ ನೋಡಿ. ನಿಮ್ಮ ಮನೆಯ ಶಬರಿಯ ಜಗಳಕ್ಕೆ ಪರಿಹಾರ ಅಲ್ಲಿದೆ. ವಾಲ್ಮೀಕಿಯ ಶಬರಿ ಹಣ್ಣುಗಳನ್ನು ಸಂಗ್ರಹಿಸಿಟ್ಟು ಅತಿಥಿಸತ್ಕಾರ ಮಾಡುತ್ತಾಳೆಯೇ ಹೊರತು ಕಚ್ಚಿ ನೋಡುವುದಿಲ್ಲ. ಕಚ್ಚಿ ನೋಡುವ ಶಬರಿ ನಂತರದ ಭಕ್ತಿಪರಂಪರೆಯವಳು. ಲಕ್ಷ್ಮಣರೇಖೆಯೂ ವಾಲ್ಮೀಕಿಯ ಅರಣ್ಯಕಾಂಡದಲ್ಲಿಲ್ಲ. ಅಹಲ್ಯೆ ಅಲ್ಲಿ ಕಲ್ಲಾಗುವುದಿಲ್ಲ. ಯಾರ ಕಣ್ಣಿಗೂ ಬೀಳದೆ, ಬೂದಿಯಲ್ಲಿ ಮಲಗಿ ತಪಸ್ಸು ಮಾಡುತ್ತಾಳೆ. ಗಣಪತಿಯು ದಂತದಿಂದ ಮಹಾಭಾರತವನ್ನು ಬರೆದುಕೊಂಡನೆಂಬ ಎಲ್ಲರಿಗೂ ಪ್ರಿಯವಾದ ಪ್ರಸಂಗವನ್ನು ಪುಣೆಯ ಭಂಡಾರಕರ ಸಂಸ್ಥೆಯ ವಿದ್ವಾಂಸರು ತಮ್ಮ ಸಂಶೋಧಿತ ಆವೃತ್ತಿಯ ಮೂಲಪಾಠದಲ್ಲಿ ಸೇರಿಸಿಲ್ಲ. ಇದರಿಂದ ಅಜ್ಜಿ ಸುಳ್ಳು ಹೇಳಿದಂತಾಗಲಿಲ್ಲ. ಅವರು ಹೇಳಿದ್ದು ಇನ್ನೊಂದು ರಾಮಾಯಣ.

ಇದನ್ನು ಮಗುವಿಗೆ ಮನಗಾಣಿಸಲು ದೂರ ಹೋಗಬೇಕಾಗಿಲ್ಲ. ಅಣ್ಣಿಗೇರಿ ಪಂಪನ ತಾಯಿಯ ಕಡೆಯವರ ಊರು. ಆ ಪಂಪನು 941ರ ಸುಮಾರಿಗೆ ಬರೆದ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನದೇ ಹೆಂಡತಿ. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ನಮ್ಮ ಗದುಗಿನ ನಾರಣಪ್ಪನಂತೂ ರಾಮಾಯಣದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕಿದನೆಂದು ಹೇಳಿ, ರಾಮಾಯಣದ ಗೊಡವೆಗೆ ಹೋಗದೆ ಭಾರತವನ್ನು ಕೈಗೆತ್ತಿಕೊಂಡವನು. ಅವನು ವೀರನಾರಾಯಣ ಗುಡಿಯಲ್ಲಿ, ಒದ್ದೆಬಟ್ಟೆಯಲ್ಲಿಯೇ ಒಂದು ಕಂಬಕ್ಕೆ ಒರಗಿ ಕುಳಿತು ಕಾವ್ಯ ರಚಿಸಿದನೆಂಬುದು ಇಲ್ಲಿಯ ಪ್ರತೀತಿ. ಆ ಕಂಬವನ್ನು ಇಂದಿಗೂ ತೋರಿಸುತ್ತಾರೆ. ಹುಬ್ಬಳ್ಳಿಯಿಂದ ಒಂದು ಗಂಟೆಯ ಸುಮಾರಿನ ಹಾದಿ. ಮಕ್ಕಳನ್ನು ಕರೆದುಕೊಂಡು ಬನ್ನಿ. ಕಥೆ ಒಬ್ಬ ಮನುಷ್ಯ ಒಂದು ಜಾಗದಲ್ಲಿ ಕುಳಿತು ಬರೆದದ್ದು ಎಂಬುದು ಆ ಕಂಬದ ಮುಂದೆ ನಿಂತಾಗ ಮಕ್ಕಳಿಗೆ ತಾನಾಗಿಯೇ ತಿಳಿಯುತ್ತದೆ.

ನಿಮಗಾಗಿ, ಅಂದರೆ ಓದಿ ಹೇಳುವವರಿಗಾಗಿ, ಎ.ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ ಮನೆಯಲ್ಲಿರಲಿ. ಅದು ಮಕ್ಕಳ ಪುಸ್ತಕವಲ್ಲ. ಆದರೆ ಇಡೀ ಭಾರತವನ್ನು ಒಂದೇ ಸಂಪುಟದಲ್ಲಿ, ಶುದ್ಧವಾದ ಕನ್ನಡ ಗದ್ಯದಲ್ಲಿ ಕೊಡುವ ಅಂಥ ಪುಸ್ತಕ ಇನ್ನೊಂದು ಸಿಗುವುದು ಕಷ್ಟ. ಮಗುವಿನ ತೆಳು ಪುಸ್ತಕ ಎಲ್ಲಿ ಮೌನ ವಹಿಸಿದೆಯೋ ಅಲ್ಲಿ ನೀವು ಇದನ್ನು ತೆರೆದು ನೋಡಿಕೊಂಡು ಉತ್ತರಿಸಬಹುದು.

ಉತ್ತರ: ಚಿತ್ರಕಲಾ ಶಿಕ್ಷಕ, ಧಾರವಾಡ

ಮಾಸ್ತರರ ಮಾತಿಗೆ ನನ್ನ ಸಹಮತವಿದೆ; ಆದರೆ ಐದು ವರ್ಷದ ಮಗುವು ಪುಸ್ತಕವನ್ನು ಓದುವುದು ಚಿತ್ರದಿಂದ, ಅಕ್ಷರದಿಂದಲ್ಲ. ಆದ್ದರಿಂದ ಚಿತ್ರಗಳ ವಿಷಯವನ್ನಷ್ಟೇ ನಾನು ಹೇಳುತ್ತೇನೆ.

ನಾನು ಮಕ್ಕಳ ಪುರಾಣ ಪುಸ್ತಕ ಸಿಕ್ಕಿದರೆ ಮೊದಲು ದ್ರೌಪದಿಯನ್ನು ಹುಡುಕುತ್ತೇನೆ. ಮೂಲದಲ್ಲಿ ಅವಳು ಕಪ್ಪು ಮೈಬಣ್ಣದ ಸುಂದರಿ. ಅದಕ್ಕಾಗಿಯೇ ಅವಳಿಗೆ ಕೃಷ್ಣೆ ಎಂದು ಹೆಸರು. ವ್ಯಾಸರೂ ಕಪ್ಪು, ರಾಮನೂ ಶ್ಯಾಮಲ. ಈಗಿನ ಅನೇಕ ಪುಸ್ತಕಗಳಲ್ಲಿ ದ್ರೌಪದಿ ಹಾಲಿನಂತೆ ಬೆಳ್ಳಗಿರುತ್ತಾಳೆ, ಕೃಷ್ಣ ತಿಳಿನೀಲಿಯಾಗಿರುತ್ತಾನೆ, ಕಪ್ಪು ಬಣ್ಣವೆಲ್ಲ ರಾಕ್ಷಸರ ಪಾಲಾಗಿರುತ್ತದೆ. ಬಿಸಿಲ ನಾಡಿನ ನಮ್ಮ ಮಕ್ಕಳು ತಮ್ಮದೇ ಮೈಬಣ್ಣವನ್ನು ಪುಸ್ತಕದಲ್ಲಿ ಹುಡುಕಿದರೆ ಅದು ಘಟೋತ್ಕಚನಲ್ಲಿ ಮಾತ್ರ ಸಿಗುವಂತಾಗಬಾರದು. ಇದನ್ನು ಪರೀಕ್ಷಿಸಲು ಪುಟ ತಿರುವುವಷ್ಟು ಹೊತ್ತು ಸಾಕು.

ಇನ್ನು ನರಸಿಂಹನ ಚಿತ್ರ. ಮಗು ಪುಸ್ತಕ ಮುಚ್ಚಿದರೆ ಮುಚ್ಚಲಿ, ಬಲವಂತ ಬೇಡ. ಕಥೆಯಲ್ಲಿ ಮಕ್ಕಳು ಕಣ್ಣರಳಿಸುವ ಭಾಗ ಬೇರೆಯೇ ಇದೆ: ಹಗಲಲ್ಲ ಇರುಳಲ್ಲ, ಒಳಗಲ್ಲ ಹೊರಗಲ್ಲ, ಮನುಷ್ಯನಿಂದಲ್ಲ ಮೃಗದಿಂದಲ್ಲ ಎಂಬ ಆ ವರದ ಒಗಟು, ಮತ್ತು ಅದನ್ನು ಮುಸ್ಸಂಜೆಯಲ್ಲಿ, ಹೊಸ್ತಿಲ ಮೇಲೆ ಬಿಡಿಸುವ ಜಾಣತನ. ಒಳ್ಳೆಯ ಚಿತ್ರಕಾರ ಒಡೆಯುತ್ತಿರುವ ಕಂಬವನ್ನೂ ಹೊಸ್ತಿಲನ್ನೂ ಬರೆಯುತ್ತಾನೆ, ಕರುಳಿನ ಮಾಲೆಯನ್ನು ದೊಡ್ಡವರ ಪುಸ್ತಕಕ್ಕೆ ಬಿಡುತ್ತಾನೆ.

ಚಿತ್ರಕಥೆಗಳ ಬಗ್ಗೆಯೂ ಒಂದು ಮಾತು. ಅನಂತ ಪೈ ಅವರು 1967ರಲ್ಲಿ ಆರಂಭಿಸಿದ ‘ಅಮರ ಚಿತ್ರ ಕಥೆ’ಯ ಸಂಚಿಕೆಗಳನ್ನು ಓದಿಯೇ ನನ್ನ ತಲೆಮಾರಿನ ಬಹಳಷ್ಟು ಜನರು ಪುರಾಣ ಕಲಿತದ್ದು. ಓದಲು ಹಿಂಜರಿಯುವ ಮಗುವನ್ನು ಅವು ಎಳೆದು ಕೂರಿಸುತ್ತವೆ, ಸಂದೇಹವಿಲ್ಲ. ಆದರೆ ಸುಮಾರು 32 ಪುಟದೊಳಗೆ ಒಬ್ಬ ವ್ಯಕ್ತಿಯ ಇಡೀ ಬದುಕನ್ನು ಹಿಡಿಸುವಾಗ ಅನುಮಾನಗಳೆಲ್ಲ ಕತ್ತರಿಗೆ ಸಿಗುತ್ತವೆ. ನಾಯಕ ಪೂರ್ತಿ ನಾಯಕನಾಗುತ್ತಾನೆ, ಖಳ ಪೂರ್ತಿ ಖಳನಾಗುತ್ತಾನೆ. ಅವರದೇ ಮಹಾಭಾರತ ಮಾಲಿಕೆ 42 ಸಂಚಿಕೆಗಳಷ್ಟು ಉದ್ದವಾಗಿದ್ದು, ಅಲ್ಲಿ ಕಥೆಗೆ ಉಸಿರಾಡಲು ಜಾಗ ಸಿಕ್ಕಿದೆ. ಬಿಡಿ ಸಂಚಿಕೆಗಳಿಗಿಂತ ಅದನ್ನು ಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ.

ಉತ್ತರ: ಪ್ರಾಥಮಿಕ ಶಾಲೆಯ ಶಿಕ್ಷಕಿ, ಹಾವೇರಿ ಜಿಲ್ಲೆ

ಮಾಸ್ತರರು ಹಿರಿಯರು, ಅವರ ಮಾತನ್ನು ಅಲ್ಲಗಳೆಯುತ್ತಿಲ್ಲ. ಆದರೂ ‘ವಚನಭಾರತ’ವನ್ನು ಕೊಂಡು ಓದಿ, ಅನಂತರ ಮಕ್ಕಳಿಗೆ ಉತ್ತರಿಸುವಷ್ಟು ಪುರುಸೊತ್ತು ಎಲ್ಲ ತಾಯಂದಿರಿಗೂ ಇರುವುದಿಲ್ಲ. ನಮ್ಮ ಶಾಲೆಯ ಅನೇಕ ಮನೆಗಳಲ್ಲಿ ಮಗುವೇ ಮೊದಲ ಓದುಗ. ಅದು ಓದಿ ಹೇಳುತ್ತದೆ, ಅವ್ವ ರೊಟ್ಟಿ ಬಡಿಯುತ್ತ ಕೇಳುತ್ತಾಳೆ. ಇಂಥಲ್ಲಿ ದಪ್ಪ ಗ್ರಂಥಕ್ಕಿಂತ ಒಂದೇ ಕೂರಿಕೆಯಲ್ಲಿ ಮುಗಿಯುವ ಪುಸ್ತಕ ಬೇಕಾಗುತ್ತದೆ.

ಹಾಗೆ ನೋಡಿದರೆ ಪುರಾಣವೆಂದ ಕೂಡಲೇ ಎರಡು ಮಹಾಕಾವ್ಯಗಳಿಂದಲೇ ಏಕೆ ಆರಂಭಿಸಬೇಕು? ನಾನು ಮೂರನೆಯ, ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ಮೊದಲು ಹೇಳುವುದು ಕನಕದಾಸರ ‘ರಾಮಧಾನ್ಯಚರಿತ್ರೆ’ಯ ಕಥೆಯನ್ನು. ಕನಕದಾಸರು ನಮ್ಮ ಬಾಡದವರು, ಕಾಗಿನೆಲೆಯವರು. ರಾವಣವಧೆಯ ನಂತರ ಹಿಂದಿರುಗುವ ರಾಮನು ಮುನಿಗಳ ಆಶ್ರಮವೊಂದರಲ್ಲಿ ತಂಗುತ್ತಾನೆ. ಮುನಿಗಳು ಬಗೆಬಗೆಯ ಧಾನ್ಯಗಳ ಅಡುಗೆ ಬಡಿಸುತ್ತಾರೆ. ಇವುಗಳಲ್ಲಿ ಯಾವುದು ಶ್ರೇಷ್ಠವೆಂಬ ಚರ್ಚೆ ಹುಟ್ಟಿ, ನರೆದಲೆಗ ಎಂದರೆ ರಾಗಿಗೂ, ವ್ರೀಹಿ ಎಂದರೆ ಬತ್ತಕ್ಕೂ ತುಂಬಿದ ಸಭೆಯಲ್ಲಿ ಜಗಳ ಹತ್ತುತ್ತದೆ. ಬತ್ತವು ರಾಗಿಯನ್ನು ಹೀನಕುಲದ್ದೆಂದು ಹಳಿಯುತ್ತದೆ. ರಾಗಿಯು, ಉಳ್ಳವರ ಕಡೆಗೇ ನೋಡುವ ನೀನು ಬಡವರನ್ನು ಕಣ್ಣೆತ್ತಿ ನೋಡುವುದಿಲ್ಲವೆಂದು ತಿರುಗಿ ಬೀಳುತ್ತದೆ. ರಾಮನು ತಕ್ಷಣ ತೀರ್ಪು ಕೊಡದೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ಬಂದಾಗ ಬತ್ತ ಸೊರಗಿದೆ, ರಾಗಿ ಗಟ್ಟಿಯಾಗಿಯೇ ಇದೆ. ರಾಮನು ತನ್ನ ‘ರಾಘವ’ ಎಂಬ ಹೆಸರನ್ನೇ ಅದಕ್ಕೆ ಕೊಟ್ಟು ಮನ್ನಿಸುತ್ತಾನೆ. ಇದರಲ್ಲಿ ರಕ್ತವಿಲ್ಲ, ಶಾಪವಿಲ್ಲ, ಮೇಲುಕೀಳಿನ ಪ್ರಶ್ನೆ ಮಾತ್ರ ಪೂರ್ತಿಯಾಗಿ ಇದೆ. ಒಮ್ಮೆ ಒಬ್ಬ ಹುಡುಗ ಎದ್ದು ನಿಂತು, “ಟೀಚರ್, ಜೋಳ ಯಾಕ ಜಗಳಕ್ಕ ಬರಲಿಲ್ರೀ?” ಎಂದು ಕೇಳಿದ. ದಿನಾ ಜೋಳದ ರೊಟ್ಟಿ ಉಣ್ಣುವ ಹುಡುಗನ ನ್ಯಾಯವಾದ ಪ್ರಶ್ನೆ ಅದು. ಮರುದಿನ ವರ್ಗದ ಅರ್ಧ ಮಕ್ಕಳು ಜೋಳದ ಪರವಾಗಿ ವಾದ ಬರೆದುಕೊಂಡು ಬಂದಿದ್ದರು.

ಲಕ್ಷ್ಮೀಶನ ‘ಜೈಮಿನಿ ಭಾರತ’ದ ಚಂದ್ರಹಾಸನ ಕಥೆಯೂ ಹಾಗೆಯೇ ಮಕ್ಕಳಿಗೆ ಹೇಳಿ ಮಾಡಿಸಿದ್ದು: ಅನಾಥ ಹುಡುಗ, ದುಷ್ಟ ಮಂತ್ರಿ, ಮಲಗಿದವನ ಬಳಿ ಇದ್ದ ಪತ್ರವನ್ನು ತಿದ್ದಿಬಿಡುವ ಹುಡುಗಿ. ನಿಮ್ಮ ಮಗಳಿಗೆ ವಿಷಯೆಯ ಈ ಧೈರ್ಯ ಹಿಡಿಸುತ್ತದೆ. ಪುಸ್ತಕ ಆರಿಸುವಾಗ ಹೆಣ್ಣುಮಕ್ಕಳು ಕಥೆಯಲ್ಲಿ ಏನಾದರೂ ಮಾಡುತ್ತಾರೆಯೋ ಅಥವಾ ಅತ್ತು, ಕಾದು, ಶಾಪಗ್ರಸ್ತರಾಗಿ ನಿಲ್ಲುತ್ತಾರೆಯೋ ಎಂಬುದನ್ನೂ ನೋಡಬೇಕು. ಸಾವಿತ್ರಿಯನ್ನು ಬರೀ ಪತಿವ್ರತೆಯೆಂದು ಹೇಳಿ ಮುಗಿಸುವ ಪುಸ್ತಕಗಳಿವೆ. ಯಮನ ಹಿಂದೆ ನಡೆಯುತ್ತ, ಒಂದೊಂದೇ ವರವನ್ನು ಮಾತಿನಲ್ಲಿಯೇ ಗೆದ್ದುಕೊಳ್ಳುವ ಸಾವಿತ್ರಿಯನ್ನು ತೋರಿಸುವ ಪುಸ್ತಕವೇ ನಮಗೆ ಬೇಕಾದುದು.

ಇನ್ನು ಕನ್ನಡ ಓದಿನ ಮಾತು. ಒತ್ತಕ್ಷರಕ್ಕೆ ಹೆದರಿ ಇಂಗ್ಲಿಷ್ ಪುಸ್ತಕ ಕೊಟ್ಟರೆ ಆ ಹೆದರಿಕೆ ಕೊನೆಯವರೆಗೂ ಹೋಗುವುದಿಲ್ಲ. ಒಂದು ಪುಟ ನೀವು, ಒಂದು ಪುಟ ಅವಳು ಎಂದು ಸರದಿಯಲ್ಲಿ ಓದಿ. ರಾಷ್ಟ್ರೋತ್ಥಾನ ಸಾಹಿತ್ಯದ ‘ಭಾರತ-ಭಾರತಿ’ ಮಾಲೆಯಲ್ಲಿ 510 ಕಿರುಪುಸ್ತಕಗಳಿದ್ದು, ಇತಿಹಾಸದವರೊಂದಿಗೆ ಪುರಾಣದ ವ್ಯಕ್ತಿಗಳೂ ಅದರಲ್ಲಿದ್ದಾರೆ. ಅಂಗಿಯ ಜೇಬಿಗೆ ಹಿಡಿಯುವಷ್ಟು ಚಿಕ್ಕವು, ಭಾಷೆ ಸರಳ. ಆದರೆ ಆದರ್ಶಗಳನ್ನು ಮುಂದಿಡುವುದೇ ಅವುಗಳ ಉದ್ದೇಶವಾದ್ದರಿಂದ ಮಾಸ್ತರರು ಹೇಳಿದ ಏಕಲವ್ಯನ ಕೋಲನ್ನು ಅಲ್ಲಿಯೂ ಹಿಡಿದು ನೋಡಿರಿ. ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’ ಪುರಾಣಕ್ಕಷ್ಟೇ ಮೀಸಲಲ್ಲ; 12 ಸಂಪುಟಗಳಲ್ಲಿ ವರ್ಷದ ಪ್ರತಿ ದಿನಕ್ಕೂ ಒಂದೊಂದು ಕಥೆ ಇದ್ದು, ಮಲಗುವ ಮುನ್ನ ಓದಲು ಅಳತೆಗೆ ಸರಿಯಾಗಿದೆ.

ಮರುಪ್ರಶ್ನೆ: ವಿದ್ಯಾನಗರದ ತಾಯಿ, ಹುಬ್ಬಳ್ಳಿ

ಮೂವರಿಗೂ ವಂದನೆಗಳು. ಏಕಲವ್ಯನ ಪುಟವನ್ನು ನಿನ್ನೆ ಮಗಳೊಂದಿಗೆ ಇನ್ನೊಮ್ಮೆ, ಅರ್ಜುನನ ಮಾತನ್ನು ಸೇರಿಸಿ ಓದಿದೆ. ಅವಳಿಗೆ ಈಗ ಅರ್ಜುನನ ಮೇಲೆ ಸಿಟ್ಟು ಬಂದಿದೆ. ಅದು ಬೇರೆ ಮಾತು. ಒಂದು ವಿಷಯ ಮಾತ್ರ ಉಳಿದಿದೆ. ಮಹಾಭಾರತವನ್ನು ಕ್ರಮವಾಗಿ ಓದುತ್ತ ಹೋದರೆ ದ್ಯೂತಸಭೆ ಬಂದೇ ಬರುತ್ತದೆ. ದ್ರೌಪದಿಯ ವಸ್ತ್ರಾಪಹರಣವನ್ನು ಒಂಬತ್ತು ವರ್ಷದ ಹುಡುಗಿಗೆ ಹೇಗೆ ಓದಿ ಹೇಳಬೇಕು?

ಉತ್ತರ: ಚಿತ್ರಕಲಾ ಶಿಕ್ಷಕ, ಧಾರವಾಡ

ಹನ್ನೆರಡು ವರ್ಷದವರೆಗೆ ಬಿಟ್ಟುಬಿಡಿ ಎನ್ನುವವನು ನಾನು. ಜೂಜಿನಲ್ಲಿ ಎಲ್ಲವನ್ನೂ ಸೋತು ಕಾಡಿಗೆ ಹೋದರು ಎಂದರೆ ಕಥೆ ಮುಂದೆ ಸಾಗುತ್ತದೆ. ಈ ಪ್ರಸಂಗದ ಚಿತ್ರಗಳಂತೂ ಬಹುಪಾಲು ಅಭಿರುಚಿಹೀನವಾಗಿರುತ್ತವೆ.

ಉತ್ತರ: ನಿವೃತ್ತ ಕನ್ನಡ ಮಾಸ್ತರ, ಗದಗ

ಇದನ್ನು ನಾನು ಒಪ್ಪಲಾರೆ. ಅದನ್ನು ಬಿಟ್ಟರೆ ಭೀಮನ ಪ್ರತಿಜ್ಞೆಗೆ ಕಾರಣವಿಲ್ಲ, ದ್ರೌಪದಿಯ ಬಿಚ್ಚುಮುಡಿಗೆ ಅರ್ಥವಿಲ್ಲ, ಯುದ್ಧವು ಬರೀ ಆಸ್ತಿಯ ವ್ಯಾಜ್ಯವಾಗುತ್ತದೆ. ಚಿತ್ರವಿಲ್ಲದ ಪುಸ್ತಕದಿಂದ ಓದಿ. ಓದುವಾಗ ಸೀರೆಯ ಮೇಲೆ ನಿಲ್ಲಬೇಡಿ, ದ್ರೌಪದಿ ಸಭೆಗೆ ಕೇಳುವ ಪ್ರಶ್ನೆಯ ಮೇಲೆ ನಿಲ್ಲಿ. ಮೊದಲು ತನ್ನನ್ನೇ ಸೋತು ದಾಸನಾದವನಿಗೆ ಅನಂತರ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು ಎಂಬುದು ಆ ಪ್ರಶ್ನೆ. ಭೀಷ್ಮನಂಥವನೂ ಧರ್ಮ ಸೂಕ್ಷ್ಮವೆಂದು ಹೇಳಿ ಜಾರಿಕೊಳ್ಳುತ್ತಾನೆ. ದುರ್ಯೋಧನನ ತಮ್ಮನಾದ ವಿಕರ್ಣನೊಬ್ಬನು ಎದ್ದು ಇದು ಅನ್ಯಾಯವೆನ್ನುತ್ತಾನೆ. ಮಕ್ಕಳ ಪುಸ್ತಕಗಳಲ್ಲಿ ವಿಕರ್ಣ ಸಾಮಾನ್ಯವಾಗಿ ಕಾಣೆಯಾಗಿರುತ್ತಾನೆ, ನೀವು ಅವನನ್ನು ಸೇರಿಸಿಕೊಳ್ಳಿ. ತನಗಿಂತ ದೊಡ್ಡವರ ತಪ್ಪನ್ನು ತುಂಬಿದ ಸಭೆಯಲ್ಲಿ ಹೇಳಿದವನು ಕೌರವರಲ್ಲಿಯೇ ಒಬ್ಬನಿದ್ದನೆಂದು ತಿಳಿದರೆ, ಒಂದು ಪಕ್ಷದವರೆಲ್ಲ ಕೆಟ್ಟವರೆಂಬ ಎಣಿಕೆಯೂ ಅವಳಲ್ಲಿ ಬೇರೂರುವುದಿಲ್ಲ.

ಉತ್ತರ: ಪ್ರಾಥಮಿಕ ಶಾಲೆಯ ಶಿಕ್ಷಕಿ, ಹಾವೇರಿ ಜಿಲ್ಲೆ

ನಾನು ಮಾಸ್ತರರ ಪಕ್ಷ, ಒಂದು ತಿದ್ದುಪಡಿಯೊಂದಿಗೆ. ಅದನ್ನು ರಾತ್ರಿ ಮಲಗುವ ಹೊತ್ತಿಗೆ ಓದಬೇಡಿ. ಮಗುವಿಗೆ ಕೇಳಲು, ಸಿಟ್ಟಾಗಲು ಸಮಯವಿರುವ ರಜೆಯ ಹಗಲಿನಲ್ಲಿ ಓದಿ. ಐದು ವರ್ಷದವನು ಅಂದು ಅಜ್ಜಿಯ ಜೊತೆಗಿರಲಿ. ಅವನಿಗೆ ಸದ್ಯಕ್ಕೆ ಬೆಣ್ಣೆ ಕದಿಯುವ ಕೃಷ್ಣ, ಸೂರ್ಯನನ್ನು ಹಣ್ಣೆಂದು ಹಾರಿದ ಹನುಮಂತ ಸಾಕು. ಪುಸ್ತಕ ಕೊಳ್ಳುವ ಮೊದಲು ಅತ್ತೆಯವರ ಕಥೆಗಳನ್ನು ಮಗಳಿಂದಲೇ ಒಂದು ನೋಟುಬುಕ್ಕಿನಲ್ಲಿ ಬರೆಯಿಸಲು ಸಾಧ್ಯವೇ ನೋಡಿ. ಒತ್ತಕ್ಷರದ ಅಭ್ಯಾಸವೂ ಆಗುತ್ತದೆ, ಹಣ್ಣು ಕಚ್ಚುವ ಶಬರಿಗೂ ನಿಮ್ಮ ಮನೆಯಲ್ಲಿ ಒಂದು ಪುಸ್ತಕ ಸಿಗುತ್ತದೆ.